ಹಿಸ್ಟರಿ ಒರೆಸಿದ್ದು ನಾನು

ಈ ಮನೆಯಲ್ಲಿ ಪಾಸ್‌ವರ್ಡ್ ಇಲ್ಲದ ವಸ್ತುವೆಂದರೆ ನಾನು ಬರೆಯುತ್ತಿರುವ ಈ ನೋಟುಬುಕ್ಕು ಒಂದೇ. ಅಡುಗೆಮನೆಯ ಮೇಜಿನ ಮೇಲೆ ಬಿಟ್ಟು ಹೋದರೂ ಯಾರೂ ಓದುವುದಿಲ್ಲ. ಮಕ್ಕಳೇ, ನಿಮಗಿಬ್ಬರಿಗೂ ಕನ್ನಡ ಕೇಳಿದರೆ ಅರ್ಥವಾಗುತ್ತದೆ, ಓದಲು ಬಾರದು. ನಿಮ್ಮಮ್ಮನಿಗೆ ಓದಲು ಬರುತ್ತದೆ, ಪುರಸೊತ್ತಿಲ್ಲ. ಮುಂದೆ ಎಂದಾದರೂ ಅವಳಿಂದ ಓದಿಸಿಕೊಳ್ಳಿ. ನಿಮ್ಮಲ್ಲಿ ದೊಡ್ಡವಳಿಗೆ ಇದರಲ್ಲಿ ಅರ್ಧ ಗೊತ್ತು. ಚಿಕ್ಕವನಿಗೆ ಆಗ ಐದು ವರ್ಷ, ಏನೂ ಗೊತ್ತಿಲ್ಲ.

ಈ ಪರದೇಶದ ಸ್ವೋರ್ಡ್ಸ್ ಎಂಬ ಊರಿನ ನಮ್ಮ ಮನೆಯ ಕಂಪ್ಯೂಟರು ಹಾಲಿನಲ್ಲಿ, ಎಲ್ಲರಿಗೂ ಪರದೆ ಕಾಣುವ ಹಾಗೆ ಇತ್ತು. ಹಾಗೆ ಇಟ್ಟವರು ನಿಮ್ಮಪ್ಪ. ಪಕ್ಕದೂರು ಸ್ಯಾಂಟ್ರಿಯ ಆಫೀಸಿನಲ್ಲಿ ಅವರ ಕೆಲಸವೆಂದರೆ, ಜನರ ಖಾಸಗಿ ಸಂಗತಿಗಳು ಪರರ ಕಣ್ಣಿಗೆ ಬೀಳದಂತೆ ಕಾಯುವುದು. ಅದರ ಬಗ್ಗೆ ಹೊಸಬರಿಗೆ ಪಾಠವನ್ನೂ ಹೇಳುತ್ತಾರಂತೆ. ಸಂಜೆ ಮನೆಗೆ ಬಂದು ಶೂ ಬಿಚ್ಚಿದವರು ಮೊದಲು ಮಾಡುತ್ತಿದ್ದುದು, ಅಂದು ಮನೆಯವರು ಕಂಪ್ಯೂಟರಿನಲ್ಲಿ ಏನೇನು ನೋಡಿದರೆಂಬ ಪಟ್ಟಿ ತೆಗೆದು ಓದುವ ಕೆಲಸ. ಹಿಸ್ಟರಿ ಎಂದು ಆ ಪಟ್ಟಿಯ ಹೆಸರು. ಅದನ್ನು ಮಕ್ಕಳು ಅಳಿಸಕೂಡದು ಎಂಬುದು ಮನೆಯ ಕಾನೂನು. ನನಗೆ ಕಾನೂನು ಮಾಡುವ ಅಗತ್ಯ ಯಾರಿಗೂ ಕಂಡಿರಲಿಲ್ಲ.

ನಾನು ಅಳಿಯನ ಎದುರು ಕುರ್ಚಿಯಲ್ಲಿ ಕುಳಿತವಳಲ್ಲ. ನಮ್ಮೂರಿನಲ್ಲಿ ಅತ್ತೆಯಾದವಳು ಅಳಿಯನೊಡನೆ ಬಾಗಿಲ ಮರೆಯಿಂದ ಮಾತಾಡುತ್ತಿದ್ದಳು, ಅದೂ ಬೇಕಾದಷ್ಟೇ. ಇಲ್ಲಿಯೂ ಅವರು ಹಾಲಿಗೆ ಬಂದರೆ ನಾನು ಅಡುಗೆಮನೆಗೆ, ಅವರು ಅಡುಗೆಮನೆಗೆ ಬಂದರೆ ನಾನು ಹಿತ್ತಿಲಿಗೆ. ಮನೆಯೋ ಚಿಕ್ಕದು. ಏಳೆಂಟು ವರ್ಷ ಹೀಗೆ ಓಡಾಡಿಯೇ ನನ್ನ ಮಂಡಿ ಸವೆಯಿತೋ ಏನೋ.

ಮಂಡಿ ತೋರಿಸಲು ನಿಮ್ಮಮ್ಮ ಡಾಕ್ಟರ ಹತ್ತಿರ ಕರೆದೊಯ್ದಳು. ಆಕೆ ಇಂಗ್ಲಿಷಿನಲ್ಲಿ ಏನೋ ಹೇಳಿದರು, ಇವಳೂ ಏನೋ ಹೇಳಿದಳು, ಇಬ್ಬರೂ ನಕ್ಕರು. ಹೊರಗೆ ಬಂದ ಮೇಲೆ ನನಗೆ ವರದಿಯಾಯಿತು.

"ಸ್ವಿಮಿಂಗ್ ಪೂಲಲ್ಲಿ ನಡೀಬೇಕಂತಮ್ಮ, ನೀರಲ್ಲಿ. ಬರಬರ್ತಾ ಈಜಿದ್ರೆ ಇನ್ನೂ ಒಳ್ಳೇದಂತೆ. ನಮ್ಮಮ್ಮಂಗೆ ಅದೆಲ್ಲ ಆಗಲ್ಲ ಅಂತ ಹೇಳ್ಬಿಟ್ಟೆ."

"ಹೂಂ ಕಣೆ," ಎಂದೆ.

ಆದರೆ ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ನಮ್ಮೂರ ತೋಟದ ಬಾವಿಗೆ ಹುಡುಗರು ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ದುಡುಮ್ಮನೆ ಹಾರುತ್ತಿದ್ದರು. ಹುಡುಗಿಯರು ಇಳಿಯುವಂತಿರಲಿಲ್ಲ. ಅಣ್ಣಂದಿರ ಅಂಗಿ ಚಡ್ಡಿ ಕಾಯುತ್ತ ದಂಡೆಯಲ್ಲಿ ಕುಳಿತಿರುವುದು ನನ್ನ ಕೆಲಸ. ಕಾದು ಕಾದು ಈಜುವ ವಿದ್ಯೆಯೆಲ್ಲ ನನಗೆ ಬಂದಿತ್ತು, ನೀರಿಗೆ ಇಳಿಯುವುದೊಂದನ್ನು ಬಿಟ್ಟು.

ನಿಮ್ಮಪ್ಪ ಆಫೀಸಿನ ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದ ವಾರ, ಮನೆಯಲ್ಲಿ ಯಾರೂ ಇಲ್ಲದಾಗ ಕಂಪ್ಯೂಟರಿನ ಮುಂದೆ ಕುಳಿತೆ. ಅದರಲ್ಲಿ ಕನ್ನಡ ಬರೆಯುವ ಹಾಗೆ ಮಾಡಿಕೊಟ್ಟವಳು ದೊಡ್ಡವಳೇ. 'ಸೀರೆ ಉಟ್ಟು ಈಜುಕೊಳಕ್ಕೆ ಇಳಿಯಬಹುದೇ' ಎಂದು ಕೇಳಿದೆ. ಬೇಡ ಎಂದಿತು. 'ವಯಸ್ಸಾದ ಹೆಂಗಸರು ಈಜುವಾಗ ಏನು ಉಡುತ್ತಾರೆ' ಎಂದು ಕೇಳಿದೆ. ಅದು ಯಾವುದೋ ಅಂಗಡಿಗೆ ಕರೆದೊಯ್ದಿತು. ಅಲ್ಲೊಂದು ನೀಲಿ ಉಡುಪು, ತುಂಬು ತೋಳು, ಮಂಡಿಯವರೆಗೆ ಕಾಲು. ಕೊಳ್ಳಲಿಲ್ಲ. ನೋಡಿದೆ, ಮತ್ತೆ ನೋಡಿದೆ, ಅಷ್ಟೇ. ನಾಲ್ಕು ದಿನ ನೋಡಿದೆ.

ನಾಲ್ಕನೆಯ ದಿನ ದೊಡ್ಡವಳು ಸ್ಕೂಲಿನಿಂದ ಬೇಗ ಬಂದು ಬೆನ್ನ ಹಿಂದೆ ನಿಂತಿದ್ದಳು.

"ಅಜ್ಜಿ, ಈಸ್ ದಟ್ ಫಾರ್ ಯು?"

"ಯಾರಿಗೂ ಹೇಳ್ಬೇಡ ಕಣೆ. ನಿಮ್ಮಪ್ಪಂಗಂತೂ ಬೇಡವೇ ಬೇಡ," ಎಂದು ಅಂಗೈ ಚಾಚಿದೆ.

ಅವಳು ನಗಲಿಲ್ಲ. ಕೈಮೇಲೆ ಕೈ ಇಟ್ಟು "ನಾಟ್ ಎ ವರ್ಡ್" ಎಂದು ಭಾಷೆ ಕೊಟ್ಟಳು. ನೋಡಿದ್ದರ ಗುರುತು ಅಳಿಸುವುದನ್ನೂ ತೋರಿಸಿದಳು. ಕಳೆದ ಒಂದು ಗಂಟೆಯದ್ದು ಅಳಿಸಬೇಕೋ, ಮೊದಲಿನಿಂದ ಇರುವುದೆಲ್ಲ ಅಳಿಸಬೇಕೋ ಎಂದು ಯಂತ್ರ ಕೇಳುತ್ತದೆ. "ಜಸ್ಟ್ ದ ಲಾಸ್ಟ್ ಅವರ್, ಅಜ್ಜಿ. ಗ್ರ್ಯಾಂಡ್?" ಎಂದಳು. ಇಲ್ಲಿಯವರಿಗೆ 'ಸರಿ' ಎನ್ನುವುದಕ್ಕೂ ಗ್ರ್ಯಾಂಡೇ. ಅಪ್ಪನ ಕಾನೂನು ಇದೆಯಲ್ಲ ಎಂದು ನಾನೆಂದರೆ, "ದಟ್ಸ್ ಫಾರ್ ಕಿಡ್ಸ್. ನೀನು ಕಿಡ್ ಅಲ್ವಲ್ಲ," ಎಂದಳು.

ಮರುದಿನ, ಶುಕ್ರವಾರ, ನಾನೊಬ್ಬಳೇ ಇದ್ದೆ. ನಿಮ್ಮಪ್ಪ ಸಂಜೆಗೆ ವಾಪಸಾಗುವವರಿದ್ದರು. ಹಿಂದಿನ ದಿನಗಳದ್ದೂ ಅಲ್ಲಿ ಉಳಿದಿರಬೇಕಲ್ಲ ಎನಿಸಿತು. ನೆಲ ಸಾರಿಸಲು ಕುಳಿತವಳು ಮೂಲೆ ಬಿಟ್ಟು ಏಳುತ್ತಾಳೆಯೇ? ಎಲ್ಲವನ್ನೂ ಅಳಿಸು ಎಂದೆ. ಕೆಳಗೆ ಮೂರು ಚೌಕಗಳಿದ್ದವು, ಮೂರಕ್ಕೂ ಗುರುತು ಹಾಕಿದೆ. ಮನಸ್ಸಿಗೆ ಬಹಳ ಹಗುರವಾಯಿತು.

ಸಂಜೆ ನಿಮ್ಮಮ್ಮ, "ರೀ, ಎಲ್ಲಾ ಲಾಗೌಟ್ ಆಗೋಗಿದೆ," ಎಂದಳು. ನಿಮ್ಮಪ್ಪ ಬಂದು ಕುಳಿತು ಒಂದೊಂದೇ ಪಾಸ್‌ವರ್ಡ್ ಹಾಕಿದರು. ಒಂದೂ ನೆನಪಿರಲಿಲ್ಲ. ಪಾಸ್‌ವರ್ಡ್ ಮರೆತಿದ್ದೇನೆ ಎಂದು ಯಂತ್ರಕ್ಕೆ ಆರು ಸಲ ಒಪ್ಪಿಸಿದ ಮೇಲೆ ಹಿಸ್ಟರಿ ತೆರೆದರು. ಖಾಲಿ.

ಶನಿವಾರ ಬೆಳಿಗ್ಗೆ ಅವರು ಕಂಪ್ಯೂಟರಿನಲ್ಲಿ ಕನ್ನಡ ಪೇಪರ್ ತೆರೆದಾಗ ಎರಡು ಸುದ್ದಿಗಳ ನಡುವೆ ಜಾಹೀರಾತಿನಲ್ಲಿ ಒಬ್ಬಾಕೆ ಈಜುಡುಗೆಯಲ್ಲಿ ನಿಂತಿದ್ದಳು. ಇನ್ನೊಂದು ಪುಟದಲ್ಲಿ ಇನ್ನೊಬ್ಬಾಕೆ. ಆಮೇಲೆ ಗೊತ್ತಾಯಿತು, ಆ ಚಿತ್ರದವರೆಲ್ಲ ತಲೆ ನರೆತ, ನನ್ನ ವಯಸ್ಸಿನವರೇ. ಅಷ್ಟು ಓದಿದ ಮನುಷ್ಯರಿಗೆ ಅದು ಕಾಣಲಿಲ್ಲ.

"ಪುಟ್ಟಿ, ಬಾ ಇಲ್ಲಿ. ಯಾರು ಅಳಿಸಿದ್ದು ಇದನ್ನ?"

"ನಾಟ್ ಮಿ," ಎಂದಳು ದೊಡ್ಡವಳು.

"ಮತ್ತೆ ಯಾರು, ನಿಮ್ಮಜ್ಜಿನಾ?"

ನಿಮ್ಮಮ್ಮ ನಕ್ಕಳು. ನಾನು ಅಡುಗೆಮನೆಯಲ್ಲಿ ದೋಸೆ ತಿರುವಿ ಹಾಕದೆ ನಿಂತಿದ್ದೆ.

"ಸ್ವಿಮ್ ಸೂಟ್ ಕದ್ದು ತರಿಸ್ತಿದೀಯಾ? ಯಾರ ಜೊತೆ ಹೋಗೋದಕ್ಕೆ? ಮುಚ್ಚಿಡೋದು ಏನೂ ಇಲ್ದಿದ್ರೆ ಅಳಿಸೋದು ಯಾಕೆ?"

ಆಫೀಸಿನ ಪಾಠದಲ್ಲಿ ಈ ಮಾತಿಗೆ ಏನು ಉತ್ತರವಿದೆಯೋ ಕಾಣೆ. ದೊಡ್ಡವಳು ಅಡುಗೆಮನೆಯ ಕಡೆ ಒಮ್ಮೆ ನೋಡಿದಳು. ಅವಳ ಕ್ಲಾಸಿನವರು ಎರಡು ದಿನ ಗಾಲ್ವೇ ಊರಿಗೆ ಪ್ರವಾಸ ಹೋಗುವವರಿದ್ದರು. ಒಪ್ಪಿಗೆಯ ಫಾರ್ಮು ಫ್ರಿಜ್ಜಿನ ಮೇಲೆ ಅಂಟಿತ್ತು, ಮಂಗಳವಾರದೊಳಗೆ ಕೊಡಬೇಕಿತ್ತು. ಅದನ್ನು ನಿಮ್ಮಪ್ಪ ತೆಗೆದು ಡ್ರಾಯರಿಗೆ ಹಾಕಿದರು. "ಗಾಲ್ವೇನೂ ಇಲ್ಲ, ಏನೂ ಇಲ್ಲ."

ದೋಸೆ ಕರಕಲಾಯಿತು. ಅಳಿಯನ ಮುಂದೆ ಹೋಗಿ, ಈಜುವ ಬಟ್ಟೆ ನೋಡಿದವಳು ನಾನು ಎಂದು ಹೇಗೆ ಹೇಳಲಿ? ಅಳಿಸದೆ ಬಿಟ್ಟಿದ್ದರೆ ಪಟ್ಟಿಯ ಕನ್ನಡ ನೋಡಿಯೇ ನಾನೆಂದು ತಿಳಿಯುತ್ತಿತ್ತು. ಮಾನ ಉಳಿಸಿಕೊಳ್ಳಲು ಹೋಗಿ ತಪ್ಪನ್ನು ಮಗುವಿನ ಮೇಲೆ ಹಾಕಿದ್ದೆ.

ಭಾನುವಾರ ದೊಡ್ಡವಳಿಗೆ, "ನೀನೇ ಹೇಳ್ಬಿಡೆ," ಎಂದೆ.

"ಐ ಪ್ರಾಮಿಸ್ಡ್, ಅಜ್ಜಿ."

"ಎಲ್ಲ ಒರೆಸಿದ್ನಲ್ಲೇ, ಮತ್ತೆ ಆ ಚಿತ್ರ ಹೆಂಗೆ ಬಂತು?"

"ನಮ್ಮನೇಲಿ ಮಾತ್ರ ಗಾನ್. ಆ ಶಾಪ್‌ಗೆ ಸ್ಟಿಲ್ ನೆನಪಿದೆ."

ಸೋಮವಾರ ಎಲ್ಲರೂ ಹೋದ ಮೇಲೆ ಕಂಪ್ಯೂಟರಿನ ಮುಂದೆ ಕುಳಿತೆ. ಬಾಗಿಲ ಮರೆಯಿಂದಲೂ ಆಡಲಾರದ್ದನ್ನು ಹುಡುಕುವ ಜಾಗದಲ್ಲಿ ಬರೆದೆ: 'ಹಿಸ್ಟರಿ ಒರೆಸಿದ್ದು ನಾನು. ಈಜುವ ಬಟ್ಟೆ ನೋಡಿದ್ದೂ ನಾನು, ಮಂಡಿ ನೋವಿಗೆ. ಮಗುವಿನ ತಪ್ಪಿಲ್ಲ.' ಎಂಟರ್ ಒತ್ತಿದೆ. ಯಂತ್ರ ನನ್ನ ತಪ್ಪೊಪ್ಪಿಗೆಯನ್ನು ಶ್ರದ್ಧೆಯಿಂದ ಓದಿ ಇನ್ನೂ ಎಂಟು ಈಜುಡುಗೆ ತೋರಿಸಿತು. ಅಳಿಸದೆ ಎದ್ದು ಬಂದೆ. ಸಂಜೆ ಓದುವವರು ಓದುತ್ತಾರೆ ಎಂಬ ಭರವಸೆ ಇತ್ತು.

ಸಂಜೆ ಶೂ ಬಿಚ್ಚಿದ ಸದ್ದು, ಕುರ್ಚಿ ಎಳೆದ ಸದ್ದು. ನಾನು ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದೆ. ಆಮೇಲೆ, "ಇಲ್ಲಿ ಬಾರೇ," ಎಂದು ನಿಮ್ಮಮ್ಮನನ್ನು ಮೆಲ್ಲನೆ ಕರೆದರು. ಓದಿದವಳು ಅಡುಗೆಮನೆಗೆ ಬಂದಳು.

"ನಂಗ್ಯಾಕಮ್ಮ ಹೇಳ್ಲಿಲ್ಲ?"

"ನೀನು ಡಾಕ್ಟರಿಗೇ ಹೇಳ್ಬಿಟ್ಯಲ್ಲ, ಆಗಲ್ಲ ಅಂತ."

ಅವಳು ನನ್ನ ಪಕ್ಕದಲ್ಲಿ ಕುಳಿತು ಸೊಪ್ಪು ಬಿಡಿಸತೊಡಗಿದಳು.

ಹಾಲಿನಲ್ಲಿ ಡ್ರಾಯರ್ ತೆರೆದ ಸದ್ದಾಯಿತು. ನಿಮ್ಮಪ್ಪ ಫಾರ್ಮಿಗೆ ಸಹಿ ಹಾಕಿ ದೊಡ್ಡವಳ ಮುಂದೆ ಇಟ್ಟರು. ಅವಳು ಮುಟ್ಟಲಿಲ್ಲ.

"ಸೈನ್ ಮಾಡಿದ್ರೆ ಸಾಲಲ್ಲ, ಡ್ಯಾಡ್. ಸೇ ಇಟ್."

"ಸಾರಿ, ಪುಟ್ಟಿ."

"ಗ್ರ್ಯಾಂಡ್," ಎಂದು ಎತ್ತಿಕೊಂಡು ಹೋದಳು.

ಅಂದು ನಾನು ಹಾಲಿನ ಕಡೆ ಸುಳಿಯಲಿಲ್ಲ. ಮರುದಿನ ಕುತೂಹಲ ತಡೆಯದೆ, ನಾನೇ ಮೊದಲ ಸಲ ಹಿಸ್ಟರಿ ತೆರೆದು ಓದಿದೆ. ನನ್ನ ಸಾಲಿನ ಮೇಲೆ ಎರಡು ಹೊಸ ಸಾಲುಗಳಿದ್ದವು, ಕನ್ನಡದಲ್ಲಿ. ಒಂದು: 'ಅತ್ತೆ, ಗುರುವಾರ ಹತ್ತು ಗಂಟೆಗೆ ಪೂಲ್ ಹೆಂಗಸರಿಗೆ ಮಾತ್ರ. ನಾನೇ ಕಾರಲ್ಲಿ ಬಿಟ್ಟು ಬರ್ತೀನಿ.' ಇನ್ನೊಂದರಲ್ಲಿ, ನೀಲಿ ಉಡುಪು ತರಿಸಿದ್ದೇನೆ ಎಂದಿತ್ತು, ಜೊತೆಗೆ ಅದರ ಅಳತೆ.

ಅಳತೆ! ಅಂದು ಮಧ್ಯಾಹ್ನದವರೆಗೆ ಹಿತ್ತಿಲಿನಲ್ಲೇ ಇದ್ದೆ. ದೊಡ್ಡವಳು ಸ್ಕೂಲಿನಿಂದ ಬಂದ ಮೇಲೆ, ಒಂದೇ ಒಂದು ಸಾಲನ್ನು ಅಳಿಸುವುದು ಹೇಗೆಂದು ಕೇಳಿ ಕಲಿತುಕೊಂಡೆ. ಅಳತೆಯ ಸಾಲನ್ನು ಅಳಿಸಿ, ಗುರುವಾರದ ಸಾಲನ್ನು ಹಾಗೆಯೇ ಬಿಟ್ಟೆ.