ಹೆರಿಗೆ ಕೋಣೆಗೆ ಅಮ್ಮನನ್ನು ಕರೆಸುವ ಕುರಿತು

ಆರು ತಿಂಗಳ ಹೊಟ್ಟೆ ಹೊತ್ತುಕೊಂಡು ಡಾನ್ಸ್ ಕ್ಲಾಸಿಗೆ ಸೇರಿದ್ದೇನೆಂದು ನಾನು ಕಚೇರಿಯಲ್ಲಿ ಯಾರಿಗೂ ಹೇಳಿರಲಿಲ್ಲ. ಆದರೂ ಸೋಮವಾರ ಹತ್ತೂವರೆ ಹೊತ್ತಿಗೆ ನರಸಿಂಹರಾಜಪುರದ ಇಡೀ ತಾಲೂಕು ಕಚೇರಿಗೆ ಗೊತ್ತಾಗಿಹೋಗಿತ್ತು. ನಮ್ಮ ಶಿರಸ್ತೇದಾರರು ಕಡತದಿಂದ ತಲೆ ಎತ್ತದೆ ಕೇಳಿದರು, "ರಂಗಪ್ರವೇಶ ಯಾರದ್ದು ಮೇಡಂ? ನಿಮ್ದೋ, ಮಗೂದೋ?"

"ಇಬ್ರದ್ದೂ ಒಂದೇ ದಿನ ಸಾರ್. ನೀವೇ ಮುಖ್ಯ ಅತಿಥಿ," ಎಂದೆ. ಅವರು ಮತ್ತೆ ಆ ವಿಷಯ ಎತ್ತಲಿಲ್ಲ.

ಮೊಬೈಲಿಗೆ ಸಿಗ್ನಲ್ ಬೇಕೆಂದರೆ ದಿಬ್ಬ ಹತ್ತಿ ಕೈ ಮೇಲೆತ್ತಿ ನಿಲ್ಲಬೇಕಾಗಿದ್ದ ಕಾಲ ಅದು. ನಮ್ಮ ಮನೆ ಇದ್ದದ್ದು ಕೊಪ್ಪದಲ್ಲಿ. ಗಂಡ ಅಲ್ಲಿಯೇ ಹೈಸ್ಕೂಲು ಮೇಷ್ಟ್ರು. ನಾನು ದಿನಾ ಬಸ್ಸಿನಲ್ಲಿ ನರಸಿಂಹರಾಜಪುರಕ್ಕೆ ಹೋಗಿ ಪಹಣಿ, ಖಾತೆ ಬದಲಾವಣೆಯ ಕಾಗದಗಳಲ್ಲಿ ಮುಳುಗಿ ಸಂಜೆ ವಾಪಸು ಬರುತ್ತಿದ್ದೆ. ಕೊಪ್ಪದಲ್ಲಿ ನನ್ನನ್ನು ನೋಡುತ್ತಿದ್ದ ಲೇಡಿ ಡಾಕ್ಟರು, ಸಹಜ ಹೆರಿಗೆ ಆಗಬೇಕೆಂದರೆ ಮೈ ಬಗ್ಗಿಸಬೇಕು, ಸಂಜೆ ಒಂದು ಗಂಟೆ ನಡೆಯಿರಿ ಎಂದಿದ್ದರು. ಹೇಳುವುದು ಸುಲಭ. ನಮ್ಮ ಕಡೆ ಹೆಂಗಸೊಬ್ಬಳು ರಸ್ತೆಯಲ್ಲಿ ನಡೆಯುತ್ತಿದ್ದರೆ ಅವಳು ಎಲ್ಲಿಗೋ ಹೋಗುತ್ತಿರಬೇಕು. 'ಸುಮ್ಮನೆ ನಡೀತಿದೀನಿ' ಎಂದರೆ ಗಂಡನ ಹತ್ತಿರ ಜಗಳ ಆಡಿ ಹೊರಟಿದ್ದಾಳೆ ಎಂದೇ ಅರ್ಥ. ಮೊದಲನೆಯ ಸಂಜೆಯೇ ಮೂರು ಜೀಪು ನಿಂತವು. ಇಬ್ಬರಿಗೆ ಬೇಡ ಎಂದೆ. ಮೂರನೆಯವರು ಗಂಡನ ಹೆಡ್‌ಮಾಸ್ಟರು, ಹತ್ತಲೇಬೇಕಾಯಿತು. "ವಾಕಿಂಗ್ ಆಯ್ತಾ?" ಎಂದು ಬಾಗಿಲಲ್ಲಿ ಗಂಡ ಕೇಳಿದರು. "ಆಯ್ತು, ಜೀಪಲ್ಲಿ," ಎಂದು ಒಳಗೆ ಹೋದೆ.

ಈ ಕಥೆ ಕೇಳಿದ ಡಾಕ್ಟರೇ ಶೃಂಗೇರಿಯ ದಾರಿ ತೋರಿಸಿದ್ದು. ಅಲ್ಲಿ ಹುಡುಗಿಯರಿಗೆ ಭರತನಾಟ್ಯ ಹೇಳಿಕೊಡುತ್ತಿದ್ದ ಟೀಚರೊಬ್ಬರು, ತಮ್ಮ ಎರಡೂ ಹೆರಿಗೆ ಕುಣಿತದ ಅಭ್ಯಾಸದಿಂದಲೇ ಸಲೀಸಾಯಿತೆಂದು ನಂಬಿ, ಭಾನುವಾರ ಬಸುರಿಯರಿಗಾಗಿ ಒಂದು ಕ್ಲಾಸು ನಡೆಸುತ್ತಿದ್ದರು. ನೆಗೆತ, ಗಿರಕಿ ಏನೂ ಇಲ್ಲ. ಸೊಂಟವನ್ನು ನಿಧಾನವಾಗಿ ತಿರುಗಿಸುವುದು, ಮಂಡಿ ಅರ್ಧ ಬಗ್ಗಿಸಿ ನಿಲ್ಲುವುದು, ತಾಳಕ್ಕೆ ಸರಿಯಾಗಿ ಉಸಿರು ಬಿಡುವುದು, ಇಷ್ಟೇ. ನನ್ನನ್ನು ಸೇರಿಸಿ ಮೂವರು ವಿದ್ಯಾರ್ಥಿನಿಯರು. ಮೂರೂ ಜನ ಒಟ್ಟಿಗೆ ತಿರುಗಿದರೆ ಕೋಣೆಯಲ್ಲಿ ಜಾಗ ಸಾಲುತ್ತಿರಲಿಲ್ಲ.

ದಿನಾ ಕಚೇರಿಗೆ ಒಬ್ಬಳೇ ಹೋಗುತ್ತೇನಲ್ಲ ಎಂದರೂ ಕೇಳದೆ, ಬಸುರಿ ಒಬ್ಬಳೇ ಅಷ್ಟು ದೂರದ ಬಸ್ಸು ಹತ್ತಬಾರದೆಂದು ಪ್ರತಿ ಶನಿವಾರ ಅಮ್ಮ ಸೀತೂರಿನಿಂದ ಬಂದಿಳಿಯುತ್ತಿದ್ದಳು. ಮೊದಲ ಭಾನುವಾರ ಕ್ಲಾಸಿನ ಮೂಲೆಯಲ್ಲಿ ಚೀಲ ಮಡಿಲಲ್ಲಿಟ್ಟುಕೊಂಡು ಕೂತಳು. ಒಬ್ಬೊಬ್ಬರಿಗೂ ಒಬ್ಬ ಜೊತೆಗಾರ್ತಿ ಬೇಕು, ಹಿಂದಿನಿಂದ ಹಿಡಿದು ತೂಗಬೇಕು ಎಂದು ಟೀಚರ್ ಹೇಳಿದರು. ಉಳಿದಿಬ್ಬರಲ್ಲಿ ಒಬ್ಬಳು ಅಕ್ಕನನ್ನು, ಇನ್ನೊಬ್ಬಳು ನಾದಿನಿಯನ್ನು ಕರೆತಂದಿದ್ದಳು. ನಾನು ಮೂಲೆಯ ಕಡೆ ನೋಡಿದೆ.

"ನಾನಾ? ನಂಗೆಂಥ ಕುಣಿಯಕ್ಕೆ ಬರತ್ತೆ ಮಾರಾಯ್ತಿ! ಆಮೇಲೆ ಕುಣಿಯಲಾರದೋಳು ನೆಲ ಡೊಂಕು ಅಂದ್ಲಂತೆ ಅಂತ ನೀವೇ ಆಡ್ಕಂಡು ನಗ್ತೀರಿ," ಎಂದಳು ಅಮ್ಮ. ಆದರೂ ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಂಡಿ ಬಗ್ಗಿಸಿ ನಿಂತದ್ದೇ ಟೀಚರ್ ತಾಳ ಹಾಕುವುದನ್ನು ನಿಲ್ಲಿಸಿದರು. ಮೂವತ್ತು ವರ್ಷ ನಾಟಿ ಗದ್ದೆಯಲ್ಲಿ ಬಗ್ಗಿದ ಕಾಲು. ನಾವು ಮೂವರು ಎಣಿಕೆ ಹತ್ತು ದಾಟುವುದರೊಳಗೆ ಗೋಡೆ ಹಿಡಿಯುತ್ತಿದ್ದೆವು, ಅಮ್ಮ ಅದೇ ಭಂಗಿಯಲ್ಲಿ ಆರಾಮಾಗಿ ನಿಂತು ಟೀಚರ ಅತ್ತೆಮನೆ ಯಾವುದೆಂದು ವಿಚಾರಿಸುತ್ತಿದ್ದಳು. "ಎಲ್ಲರೂ ಇವರನ್ನು ನೋಡಿ ಕಲೀರಿ," ಎಂದರು ಟೀಚರ್. ಅವತ್ತು ಬಸ್ಸಿನಲ್ಲಿ ಹರಿಹರಪುರ ದಾಟುವವರೆಗೂ ಅಮ್ಮ ಇದನ್ನೇ ಹೇಳಿಕೊಂಡಳು. ಹರಿಹರಪುರ ದಾಟಿದ ಮೇಲೆ, "ಆದ್ರೂ ಇಷ್ಟಕ್ಕೆ ಶೃಂಗೇರಿವರೆಗೆ ಬರಬೇಕಿತ್ತಾ? ಮಿಕ್ಸಿ ಕಟ್ಟಿಟ್ಟು ಒರಳುಕಲ್ಲಿನ ಮುಂದೆ ಕೂತಿದ್ರೆ ಆಗ್ತಿತ್ತು," ಎಂದು ನನ್ನ ಉತ್ಸಾಹಕ್ಕೆ ತಣ್ಣೀರು ಹಾಕಿದಳು.

ಹೊರಗೆ ನಾನು ಹೀಗೆ ನಗಾಡುತ್ತಿದ್ದರೂ ಒಳಗೊಳಗೆ ಹೆರಿಗೆಯೆಂದರೆ ನನಗೆ ಪ್ರಾಣಭಯವಿತ್ತು. ನೋವಿಗಿಂತ ಹೆಚ್ಚಾಗಿ, ಬಾಗಿಲು ಹಾಕಿದ ಕೋಣೆಯಲ್ಲಿ ಗುರುತಿಲ್ಲದವರ ನಡುವೆ ಒಬ್ಬಳೇ ಮಲಗಿರುವುದನ್ನು ನೆನೆಸಿಕೊಂಡು ನಡುರಾತ್ರಿ ಎದ್ದು ದೀಪ ಹಾಕುತ್ತಿದ್ದೆ. ಅಮ್ಮನ ಕೈ ಬೆನ್ನ ಮೇಲಿದ್ದರೆ ಮಾತ್ರ ಆಗುತ್ತದೆ, ಇಲ್ಲದಿದ್ದರೆ ಇಲ್ಲ ಎಂದು ಆ ಭಾನುವಾರಗಳಲ್ಲಿ ನನಗೆ ಖಾತ್ರಿಯಾಗಿಬಿಟ್ಟಿತ್ತು.

ಟೀಚರ್ ಒಂದು ಭಾನುವಾರ ಹೋಂವರ್ಕ್ ಕೊಟ್ಟರು. ಹೆರಿಗೆ ಹೇಗಾಗಬೇಕೆಂದು ಒಂದು ಹಾಳೆಯಲ್ಲಿ ಬರೆದು ಡಾಕ್ಟರಿಗೆ ತೋರಿಸಬೇಕು. ಉಳಿದಿಬ್ಬರು ನಾಲ್ಕು ಸಾಲು ಗೀಚಿ ಮುಗಿಸಿದರು. ನನಗೋ 'ಮಾನ್ಯರೇ' ಎನ್ನದೆ ಪೆನ್ನು ಓಡುವುದಿಲ್ಲ. ಕಾರ್ಬನ್ ಇಟ್ಟು ಬರೆದೆ. ವಿಷಯ: ನನ್ನ ಹೆರಿಗೆಯನ್ನು ಸಹಜವಾಗಿ ನಡೆಸಿಕೊಡುವ ಬಗ್ಗೆ. ಉಲ್ಲೇಖ: ತಮ್ಮೊಂದಿಗೆ ನಡೆದ ಮೌಖಿಕ ಚರ್ಚೆ. ನೋವು ಬಂದಾಗ ಅರ್ಜಿದಾರಳನ್ನು ಓಡಾಡಲು ಮತ್ತು ಕುಣಿಯಲು ಬಿಡತಕ್ಕದ್ದು. ಕಿರುಚಿದರೆ ಯಾರೂ ಗದರಿಸತಕ್ಕದ್ದಲ್ಲ. ಅನಿವಾರ್ಯವಾದಲ್ಲಿ ಮಾತ್ರ, ಕಾರಣ ತಿಳಿಸಿ, ಆಪರೇಷನ್ ಮಾಡತಕ್ಕದ್ದು. ಅರ್ಜಿದಾರಳ ಗಂಡನು ರಕ್ತ ಕಂಡರೆ ತಲೆಸುತ್ತಿ ಬೀಳುವುದರಿಂದ ಅವರನ್ನು ಹೊರಗಿನ ಬೆಂಚಿನ ಮೇಲೆ ಕೂರಿಸತಕ್ಕದ್ದು. ಅರ್ಜಿದಾರಳ ತಾಯಿಯವರು ಕೊನೆಯವರೆಗೂ ಕೋಣೆಯಲ್ಲಿ ಜೊತೆಗಿರತಕ್ಕದ್ದು.

"ತಲೆಸುತ್ತಿ ಬೀಳುವುದರಿಂದ ಅಂತ ಹಾಕಲೇಬೇಕಿತ್ತಾ?" ಎಂದು ಗಂಡ ಮುಖ ಸಣ್ಣ ಮಾಡಿದರು.

"ಕಾರಣ ನಮೂದಿಸದಿದ್ರೆ ಅರ್ಜಿ ತಿರಸ್ಕಾರ ಆಗತ್ತೆ," ಎಂದೆ.

ಡಾಕ್ಟರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. ಆಮೇಲೆ ಅಂಚಿನಲ್ಲಿ ಬರೆದರು: 'ಒಪ್ಪಿದೆ. ಮಗುವಿಗೆ ತೊಂದರೆ ಕಂಡುಬಂದಲ್ಲಿ ಈ ಅರ್ಜಿ ರದ್ದು. ಆಗ ನಾನು ಹೇಳಿದ್ದೇ ಆಗತಕ್ಕದ್ದು.' ನ್ಯಾಯವಾದ ಷರತ್ತು, ನಾನೂ ಸಹಿ ಹಾಕಿದೆ.

ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ. ಪ್ರತಿಯನ್ನು ಅಮ್ಮನಿಗೆ ಕೊಟ್ಟಾಗ ಅವಳು ಓದಿ, ಮಡಚಿ, ವಾಪಸು ಕೊಟ್ಟಳು.

"ನಾನು ಒಳಗೆ ಬರಲ್ಲ. ಹೊರಗೆ ಕೂತು ದೇವರಿಗೆ ಕೈ ಮುಗೀತಿರ್ತೀನಿ."

"ಹಂಗಾದ್ರೆ ಇಷ್ಟು ದಿನ ಕ್ಲಾಸಲ್ಲಿ ಹಿಡ್ಕಂಡು ಆಡ್ಸಿದ್ದು ಎಂಥಕ್ಕೆ?"

"ಅದು ಕ್ಲಾಸು. ಇದು ಬೇರೆ. ಮಗು ಭೂಮಿಗೆ ಬಿದ್ದ ಕೂಡ್ಲೆ ನನ್ನಂಥೋಳ ಮುಖ ಕಾಣಬಾರ್ದು ಕಣೇ. ಒಳ್ಳೇದಲ್ಲ."

"ನಾನು ಹುಟ್ಟಿ ಮೊದ್ಲು ಕಂಡಿದ್ದು ಯಾರ ಮುಖ?"

"ಆಗ ನಿಮ್ಮಪ್ಪ ಇದ್ರು," ಎಂದಳು ಅಮ್ಮ.

ಅಪ್ಪ ತೀರಿಕೊಂಡಾಗ ನಾನು ಹೈಸ್ಕೂಲಿನಲ್ಲಿದ್ದೆ. ಅವತ್ತಿನಿಂದ ಅಮ್ಮ ಯಾರೂ ಹೇಳದಿದ್ದರೂ ತಾನಾಗಿಯೇ ಹಿಂದೆ ಸರಿದು ನಿಲ್ಲುವುದನ್ನು ಕಲಿತಿದ್ದಳು. ಈ ಮಾತಿಗೆ ಹದಿನೈದು ದಿನ ಮೊದಲು ನನ್ನ ಸೀಮಂತಕ್ಕೆ ಬೆಳಗ್ಗೆ ನಾಲ್ಕಕ್ಕೆ ಎದ್ದು ಅಷ್ಟೂ ಅಡುಗೆ ಮಾಡಿದವಳು, ನನ್ನ ಕೈಗೆ ಬಳೆ ತೊಡಿಸುವಾಗ ಹೊರಗೆ ಬರಲಿಲ್ಲ. ಅಡುಗೆಮನೆ ಬಾಗಿಲ ಸಂದಿಯಲ್ಲಿ ಅವಳ ಸೀರೆಯ ತುದಿ ಕಾಣುತ್ತಿತ್ತು. ಹಸಿರು ಗಾಜಿನ ಬಳೆ ಸದ್ದು ಮಾಡುತ್ತಿದ್ದರೆ ನನಗೆ ಬಂದವರ ಮೇಲೆಲ್ಲ ಕೆಟ್ಟ ಸಿಟ್ಟು ಬಂದಿತ್ತು. ಆದರೆ ಯಾರನ್ನು ಬೈಯುವುದು? ಯಾರೂ ಅವಳನ್ನು ಬರಬೇಡ ಎಂದಿರಲಿಲ್ಲ, ಬಾ ಎಂದೂ ಕರೆದಿರಲಿಲ್ಲ. ಸೀಮಂತದ ಗಡಿಬಿಡಿಯಲ್ಲಿ ನಾನೂ ಕರೆದಿರಲಿಲ್ಲ, ಅದೇ ಹೆಚ್ಚು ಚುಚ್ಚುತ್ತಿತ್ತು.

ವಾದ ಮಾಡಿ ಅಮ್ಮನನ್ನು ಗೆದ್ದವರಿಲ್ಲ. ಆದರೆ ಅವಳ ಒಂದು ದೌರ್ಬಲ್ಯ ನನಗೆ ಗೊತ್ತಿತ್ತು. ಅವಳು ದೇವರಿಗಿಂತ ಒಂದು ತೂಕ ಹೆಚ್ಚು ಹೆದರುತ್ತಿದ್ದದ್ದು ರಬ್ಬರ್ ಸೀಲಿಗೆ. ಗುರುತಿನ ಚೀಟಿಯ ಫೋಟೋಕ್ಕೆ ಕರೆದರೆ ಒಗೆದ ಸೀರೆ ಉಟ್ಟು ಒಂದು ಗಂಟೆ ಮೊದಲೇ ಹೋಗಿ ನಿಲ್ಲುವವಳು. ನಾನು ಮತ್ತೊಂದು ಹಾಳೆ ತೆಗೆದುಕೊಂಡೆ. 'ಈ ಮೂಲಕ ತಿಳಿಯಪಡಿಸುವುದೇನೆಂದರೆ, ಸದರಿ ಗರ್ಭಿಣಿಯ ತಾಯಿಯು ಹೆರಿಗೆಯ ಸಮಯದಲ್ಲಿ ಕೋಣೆಯೊಳಗೆ ಖುದ್ದು ಹಾಜರಿರತಕ್ಕದ್ದು. ಬದಲಿ ವ್ಯಕ್ತಿಗೆ ಅವಕಾಶವಿರುವುದಿಲ್ಲ.'

"ಇಂಥ ಆದೇಶ ಮಾಡೋದು ನನ್ನ ಅಧಿಕಾರಕ್ಕೆ ಬರುತ್ತೇನ್ರೀ?" ಎಂದರು ಡಾಕ್ಟರು.

"ಸೀಲು ಯಾರ ಹತ್ರ ಇರತ್ತೋ ಅಧಿಕಾರ ಅವರದ್ದೇ ಡಾಕ್ಟ್ರೇ," ಎಂದೆ. ಅವರು ಎರಡು ಕಡೆ ಸೀಲು ಒತ್ತಿದರು.

ಅಮ್ಮ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಎರಡು ಸಲ ಓದಿದಳು. "ಅಕ್ಷರ ನಿಂದು ಇದ್ದಂಗಿದೆ."

"ಡಾಕ್ಟ್ರ ಅಕ್ಷರ ಓದಕ್ಕೆ ಮೆಡಿಕಲ್ ಶಾಪಿನೋರೇ ಬೇಕು. ಅದಕ್ಕೆ ನಾನು ಬರ್ದೆ. ಸಹಿ ಅವರದ್ದೇ, ನೋಡು."

ಅಮ್ಮ ಕನ್ನಡಕದ ಮೇಲಿಂದ ನನ್ನನ್ನೊಮ್ಮೆ ನೋಡಿ, ಕಾಗದವನ್ನು ಜೋಪಾನವಾಗಿ ಚೀಲಕ್ಕೆ ಸೇರಿಸಿದಳು. ಮುಂದಿನ ವಾರ ಊರಿನಿಂದ ದೊಡ್ಡಮ್ಮ ಬಂದು, "ನೀನು ಒಳಗೆ ಹೋಗ್ತೀಯಂತೆ, ಹೌದಾ?" ಎಂದು ರಾಗ ಎಳೆದರು. ಅಮ್ಮ ಚೀಲದಿಂದ ಕಾಗದ ತೆಗೆದು ಸೀಲಿನ ಮೇಲೆ ಬೆರಳಿಟ್ಟಳು. "ಎಂಥ ಮಾಡದು ಅಕ್ಕ, ಆರ್ಡರ್ ಆಗಿದೆ. ಬರಲ್ಲ ಅಂದ್ರೆ ಕೇಸ್ ಹಾಕ್ತಾರಂತೆ." ಕೇಸಿನ ವಿಷಯ ನಾನು ಬರೆದಿರಲಿಲ್ಲ. ಅದು ಅಮ್ಮನ ಸ್ವಂತ ಸೇರ್ಪಡೆ.

ದಿನ ತುಂಬುತ್ತಿದ್ದಂತೆ ಅಮ್ಮ ಕೊಪ್ಪಕ್ಕೇ ಬಂದು ಉಳಿದಳು. ಒಂದು ಬೆಳಗ್ಗೆ ನಾನು ದೋಸೆ ಹುಯ್ಯುತ್ತಿದ್ದಾಗ ನೋವು ಶುರುವಾಯಿತು. ಅಮ್ಮ ಒಲೆ ಆರಿಸಿ, ಹಾಗೆಯೇ ನಿಲ್ಲಿಸಿ ನನ್ನ ಸೊಂಟ ತಿರುಗಿಸಿದಳು. ಗಂಡ ಜೀಪು ಕರೆತಂದು, ಗಾಬರಿಯಲ್ಲಿ ಬಟ್ಟೆ ಚೀಲ ಬಿಟ್ಟು ಎಂಟನೇ ಕ್ಲಾಸಿನ ಉತ್ತರಪತ್ರಿಕೆಯ ಚೀಲ ಹೊತ್ತುಕೊಂಡು ಹತ್ತಿದರು. ಆಸ್ಪತ್ರೆಯಲ್ಲಿ ಅವರನ್ನು ಅರ್ಜಿಯ ಪ್ರಕಾರ ಬೆಂಚಿನ ಮೇಲೆ ಕೂರಿಸಲಾಯಿತು.

ಕಲಿತ ಹೆಜ್ಜೆಗಳೆಲ್ಲ ಮೊದಲ ಒಂದು ಗಂಟೆಯಲ್ಲೇ ಮರೆತುಹೋದವು. ಉಳಿದದ್ದು ಒಂದೇ, ಅಮ್ಮನ ಕುತ್ತಿಗೆಗೆ ಜೋತುಬಿದ್ದು ಅತ್ತಿತ್ತ ತೂಗುವುದು. ಅಮ್ಮ ಟೀಚರ ಹಾಗೆಯೇ "ತೈ, ತೈ" ಎನ್ನುತ್ತಿದ್ದಳು, ಆದರೆ ದನ ಹೊಡೆಯುವ ದನಿಯಲ್ಲಿ. ನಾನು ಕೂಗಿಕೊಂಡಾಗ ನರ್ಸ್ ಒಬ್ಬರು, "ಸ್ವಲ್ಪ ಮೆಲ್ಲಗೆ," ಎಂದರು. ಅಮ್ಮ ತಟ್ಟನೆ, "ಗದರಿಸಬಾರ್ದು ಅಂತ ಅರ್ಜೀಲಿ ಪಾಸಾಗಿದೆ," ಎಂದಳು.

ಮಧ್ಯಾಹ್ನದ ಹೊತ್ತಿಗೆ ಮಗುವಿನ ಎದೆಬಡಿತ ನಿಧಾನವಾಯಿತು. ಡಾಕ್ಟರ ಮುಖದಲ್ಲಿ ನಗು ಇರಲಿಲ್ಲ. "ಮಗ್ಗಲು ಬದಲಾಯಿಸಿ ಸ್ವಲ್ಪ ಹೊತ್ತು ನೋಡ್ತೀನಿ. ಸರಿ ಹೋಗದಿದ್ದರೆ ಆಪರೇಷನ್ನೇ," ಎಂದರು. ಸಹಜ ಹೆರಿಗೆಯ ಹಟ ನನ್ನಲ್ಲಿ ಚೂರೂ ಉಳಿಯಲಿಲ್ಲ. "ಅರ್ಜಿ ಹರಿದು ಹಾಕಿ ಡಾಕ್ಟ್ರೇ, ಮಗು ಒಂದು ಉಳಿಸಿ," ಎಂದು ಅಳತೊಡಗಿದೆ. ಎಡಮಗ್ಗಲಿಗೆ ತಿರುಗಿಸಿದರು, ಹೊಟ್ಟೆಗೆ ಸ್ಟೆತಾಸ್ಕೋಪ್ ಒತ್ತಿ ಕೇಳಿದರು, ಮತ್ತೆ ಕೇಳಿದರು. ಆ ಹೊತ್ತಿನಲ್ಲೆಲ್ಲ ಅಮ್ಮನ ಅಂಗೈ ನನ್ನ ಬೆನ್ನ ಮೇಲೆ ಬಿಸಿಯಾಗಿ ಕೂತಿತ್ತು. ಎದೆಬಡಿತ ಮೊದಲಿನಂತಾಯಿತು. "ಇನ್ನು ಏಳಿ," ಎಂದರು ಡಾಕ್ಟರು. ಅಮ್ಮ ಹಿಂದೆ ಮಂಡಿ ಬಗ್ಗಿಸಿ ನಿಂತು ನನ್ನ ಅಷ್ಟೂ ಭಾರ ಹೊತ್ತಳು. ಮಗಳು ಹುಟ್ಟಿದಳು, ಅತ್ತಳು.

ಆ ಅಳು ಕೇಳಿದ್ದೇ ನನ್ನ ಬೆನ್ನ ಮೇಲಿನ ಕೈ ಇಲ್ಲವಾಯಿತು. ನರ್ಸು ನನ್ನನ್ನು ಹಿಡಿದು ಒರಗಿಸಿದರು. ತಿರುಗಿ ನೋಡಿದರೆ ಅಮ್ಮ ಮುಖಕ್ಕೆ ಸೆರಗು ಹಾಕಿಕೊಂಡು ಗೋಡೆಯ ಕಡೆ ತಿರುಗಿ ನಿಂತಿದ್ದಾಳೆ.

"ಅಮ್ಮ, ಈಚೆ ತಿರುಗು."

"ಮೊದ್ಲು ನೀನು ನೋಡು. ಅಳಿಯಂದ್ರನ್ನ ಕರೀಲಿ. ನಾನು ಆಮೇಲೆ ನೋಡ್ತೀನಿ."

ಹೆರಿಗೆ ನೋವಿನಲ್ಲೂ ಬಾರದಷ್ಟು ಸಿಟ್ಟು ಬಂತು. "ನೀನು ನೋಡೋವರೆಗೂ ನಾನೂ ನೋಡಲ್ಲ," ಎಂದು ಕಣ್ಣು ಬಿಗಿಯಾಗಿ ಮುಚ್ಚಿಕೊಂಡೆ. ಮಗಳನ್ನು ನೋಡಬೇಕೆಂದು ಜೀವ ಹಾತೊರೆಯುತ್ತಿತ್ತು, ಆದರೂ ಮುಚ್ಚಿಕೊಂಡೆ. ಹಟದಲ್ಲಿ ನಾನು ಅಮ್ಮನ ಮಗಳೇ.

"ತಾಯಿ ನೋಡಲ್ಲ, ಅಜ್ಜಿ ನೋಡಲ್ಲ. ಈ ಮಗೂನ ನಾನೇ ಮನೆಗೆ ಕರ್ಕೊಂಡು ಹೋಗ್ಲಾ?" ಎಂದರು ಡಾಕ್ಟರು.

ಆಮೇಲೆ ಸಿಮೆಂಟ್ ನೆಲದ ಮೇಲೆ ಅಮ್ಮನ ಬರಿಗಾಲಿನ ಸದ್ದು, ತೀರಾ ಹತ್ತಿರದಲ್ಲಿ ಅವಳ ದನಿ.

"ಅಯ್ಯೋ, ಇದಿನ್ನೂ ಕಣ್ಣೇ ಬಿಟ್ಟಿಲ್ಲ ಮಾರಾಯ್ತಿ. ಹಂಗಾದ್ರೆ ನಾನು ನೋಡಬಹುದು. ಇದು ನನ್ನ ನೋಡ್ಲಿಲ್ಲ ಅಂದ್ರಾಯ್ತು."

ನಾನು ಕಣ್ಣು ಬಿಟ್ಟೆ. ಡಾಕ್ಟರ ಕೈಯಲ್ಲಿದ್ದ ಮಗುವಿನ ಮೇಲೆ ಅಮ್ಮ ಬಗ್ಗಿದ್ದಳು. ಹಣೆ, ಮೂಗು, ಕಿವಿ, ಬೆರಳು, ಒಂದೊಂದನ್ನೂ ನೋಡುತ್ತಿದ್ದಳು. ಅಷ್ಟರಲ್ಲಿ ಮಗು ಮುಖ ಕಿವುಚಿ, ಮೊದಲು ಒಂದು ಕಣ್ಣು, ಆಮೇಲೆ ಇನ್ನೊಂದು ಕಣ್ಣು ಬಿಟ್ಟಿತು.

ಅಮ್ಮ ಮುಖ ತಿರುಗಿಸಲಿಲ್ಲ. ಕೆನ್ನೆಗೆ ಅಂಟಿದ್ದ ಸೆರಗನ್ನು ಹಿಂದಕ್ಕೆ ಸರಿಸಿ, ಇನ್ನೂ ಸ್ವಲ್ಪ ಬಗ್ಗಿ, "ಬಂದ್ಯಾ ತಾಯಿ? ನಾನು ನಿನ್ನ ಅಜ್ಜಿ," ಎಂದಳು.