ಕೆರೆಗಾಗಿ ಒಂದು ಜಗಳ

ಕೆಂಗೇರಿಯಲ್ಲಿ ನಾನು ಅಡುಗೆ ಮಾಡುವ ಮನೆಯಲ್ಲಿ ಎಂ.ಎ. ಓದುವ ಹುಡುಗಿಯರಿದ್ದಾರೆ. ಪರಿಸರ, ಭೂಮಿ, ಕಾನೂನು ಅವರ ವಿಷಯ. ಕೆರೆ ಉಳಿಸುವ ಮಾತು ಶುರುವಾದರೆ ಒಲೆ ಮೇಲಿನ ಹಾಲು ಉಕ್ಕಿದ್ದೂ ಗೊತ್ತಾಗುವುದಿಲ್ಲ.

ಅವರಲ್ಲಿ ಮೇಘನಾಳಿಗೆ ಮರುದಿನ ಕೆಲಸದ ಇಂಟರ್‌ವ್ಯೂ ಇತ್ತು. ಕೆರೆ ಜಾಗದಲ್ಲಿ ಮನೆ ಕಟ್ಟಿಕೊಂಡವರನ್ನು ಒಪ್ಪಿಸಿ ಬೇರೆ ಕಡೆ ಕಳಿಸುವುದನ್ನು ಅಲ್ಲಿ ನಟಿಸಿ ತೋರಿಸಬೇಕಂತೆ.

"ಅಕ್ಕ, ನೀವೇ ಆ ಮನೆಯವರು ಅಂದ್ಕೊಳ್ಳಿ. ನನ್ನ ಜೊತೆ ಜಗಳ ಆಡಿ" ಅಂದಳು.

ಜಗಳವನ್ನು ಕೇಳಿ ಪಡೆಯುವವರನ್ನು ನಾನು ನೋಡಿದ್ದು ಅದೇ ಮೊದಲು. ಲಟ್ಟಣಿಗೆ ಹಿಡಿದೇ ಶುರು ಮಾಡಿದೆ. "ಏನಮ್ಮಾ, ಒಡವೆ ಮಾರಿ ಕಟ್ಟಿದ ಮನೆ ಇದು! ಪಕ್ಕದ ಅಪಾರ್ಟ್‌ಮೆಂಟ್ ನಿನ್ನ ಕಣ್ಣಿಗೆ ಬೀಳ್ಲಿಲ್ವಾ? ಮಗು ಎತ್ಕೊಂಡು ನಾನೆಲ್ಲಿಗೆ ಹೋಗ್ಲಿ?"

ಮೇಘನಾಳ ಕಣ್ಣಲ್ಲಿ ನೀರು. "ಬೇಡ ಅಕ್ಕ, ನೀವು ಇಲ್ಲೇ ಇರಿ."

"ಹೋಯ್ತು ಕಣೇ ಕೆರೆ!" ಅಂತ ಉಳಿದವರು ಬಿದ್ದು ಬಿದ್ದು ನಕ್ಕರು. ನನಗೆ ನಗು ಬರಲಿಲ್ಲ.

"ಹೀಗಾದ್ರೆ ನಾಳೆ ಕೆಲಸ ಕೊಟ್ಟ ಹಾಗೇ ಇದೆ. ಕಣ್ಣೊರೆಸ್ಕೋ, ಇನ್ನೊಂದು ಸಲ ಮಾಡು" ಅಂದೆ.

ಈ ಸಲ ಅವಳು ನನ್ನ ಪಕ್ಕ ನೆಲದ ಮೇಲೆ ಬಂದು ಕೂತಳು. "ಅಪಾರ್ಟ್‌ಮೆಂಟಿನವರನ್ನೂ ಬಿಡಲ್ಲ ಅಕ್ಕ. ಬೇರೆ ಮನೆ ಬೀಗದ ಕೈ ನಿಮ್ಮ ಕೈಗೆ ಬರೋವರೆಗೂ ಇಲ್ಲಿ ಒಂದು ಇಟ್ಟಿಗೆ ಮುಟ್ಟಲ್ಲ. ಮಗು ಸ್ಕೂಲ್ ಎಲ್ಲಿ, ಹೇಳಿ. ಅದರ ಹತ್ರಾನೇ ನೋಡೋಣ."

ಬೈಯಲು ಎತ್ತಿದ ಲಟ್ಟಣಿಗೆಯನ್ನು ಕೆಳಗಿಟ್ಟೆ. "ಆಯ್ತು, ಜಾಗ ತಗೊಳಮ್ಮ" ಅಂದುಬಿಟ್ಟೆ.

ಸಂಜೆ ಗಂಡನಿಗೆ ಹೇಳಿದರೆ, "ನಿನ್ನ ಬಾಯಿ ಮುಚ್ಚಿಸಿದ್ಲಾ? ಹಾಗಾದ್ರೆ ಕೆಲಸ ಗ್ಯಾರಂಟಿ ಬಿಡು" ಅಂದರು.

ಅವಳಿಗೆ ಕೆಲಸ ಸಿಕ್ಕಿತು. ಆ ಮಾತಾಡಿದ ಗಂಡನಿಗೆ ಆ ವಾರ ಪೂರ್ತಿ ಬರೀ ಉಪ್ಪಿಟ್ಟು ಸಿಕ್ಕಿತು.