ಕಿವಿಯಲ್ಲಿ ಹೆಸರು ಹೇಳಿದಾಕೆ

ತೊಟ್ಟಿಲ ದಿನ ಕೂಸಿನ ಕಿವಿಯಲ್ಲಿ ಹೆಸರು ಹೇಳುವುದು ಸೋದರತ್ತೆಯ ಹಕ್ಕು. ನನ್ನ ಗಂಡನ ಅಕ್ಕ ಅದಕ್ಕೆಂದೇ ಎಕಂಬಾದಿಂದ ನೌಬಾದದ ನಮ್ಮ ಮನೆಗೆ ಸೀನುತ್ತಲೇ ಬಂದಳು. ಮೂಗು ಒರೆಸಿಕೊಂಡ ಸೆರಗಿನಿಂದಲೇ ಮಕ್ಕಳ ಬಾಯಿ ಒರೆಸುವುದು ಆಕೆಯ ರೂಢಿ.

"ಅಕ್ಕಾರ, ಹೆಸರು ದೂರ ನಿಂತೇ ಹೇಳ್ರಿ, ನಿಮಗ ನೆಗಡಿ ಅದ" ಎಂದೆ.

"ನೆಗಡಿ ಏನು ರೋಗೇನ? ನೀ ಓದಿದಾಕಿ ಅಂತ ನನಗ ಬಾಗಲದಾಗ ನಿಲ್ಲಸ್ತಿಯೇನ?"

ಹೆಂಗಸರೆಲ್ಲ ನಕ್ಕರು. ನಗುತ್ತಲೇ, ಹೆಸರಿಡುವಾಗಿನ ಶಾಸ್ತ್ರದಂತೆ, ಆಕೆಯ ಬೆನ್ನಿಗೆ ಗುದ್ದಿದರು. ಆಕೆ ಕೂಸಿನ ಮುಖಕ್ಕೆ ಮುಖ ಹಚ್ಚಿ ಹೆಸರು ಹೇಳಿದಳು. ಮಗಳು ಈಗ ಓಡಾಡುತ್ತಾಳೆ, ನನ್ನ ಸಿಟ್ಟು ಮಾತ್ರ ಇಳಿದಿಲ್ಲ. ಹಾಗಾಗಿ ಆ ನಗು ನಿಜಕ್ಕೂ ಅಷ್ಟು ಜೋರಾಗಿತ್ತೇ ಎಂದು ಖಾತ್ರಿಯಾಗಿ ಹೇಳಲಾರೆ.

ವಾರದೊಳಗೆ ಕೂಸು ಹಾಲು ಬಿಟ್ಟಿತು, ಎದೆ ಗೊರಗೊರ ಎಂದಿತು. ಬೀದರಿನ ದವಾಖಾನೆಯಲ್ಲಿ ಆಕ್ಸಿಜನ್ ಹಚ್ಚಿದ ಡಾಕ್ಟರು, "ದೊಡ್ಡವರಿಗೆ ಬರೇ ನೆಗಡಿ ತರೋ ವೈರಸ್ ರಿ ಇದು. ನೆಗಡಿ ಇದ್ದವರಿಗಿ ಹತ್ತರ ಬಿಡಬ್ಯಾಡ್ರಿ" ಎಂದರು.

ಮರುದಿನ ಆಕೆ ಬಂದಳು, ಕೈಯಲ್ಲಿ ಕಾವು ಕೊಡಲು ಅಜವಾನದ ಗಂಟು. ವಾರ್ಡಿನ ಬಾಗಿಲಿಗೆ ಅಡ್ಡ ನಿಂತೆ. ಗಂಟು ಹಿಡಿದುಕೊಂಡೇ ಹಿಂದೆ ಸರಿದಳು. ಸ್ವಲ್ಪ ಹೊತ್ತಿಗೆ ಹೊರಗೆ ನೋಡಿದರೆ, ವರಾಂಡದಲ್ಲಿ ಕೂತು ಯಾರದೋ ಕೂಸಿಗೆ ಮುದ್ದು ಕೊಡುತ್ತಿದ್ದಳು. ಓಡಿಹೋಗಿ ಕಸಿದು, ಪಕ್ಕದಲ್ಲೇ ಕೂತಿದ್ದ ಅದರ ತಾಯಿಯ ಕೈಗೆ ಕೊಟ್ಟೆ.

"ನಿಮಗ ಮಂದಿ ಬ್ಯಾಡಂದ್ರ ಬಿಡ್ರಿ," ಆ ತಾಯಿ ನನ್ನ ಮೇಲೆ ಸಿಡಿದಳು. "ನನ್ನ ಕೂಸಿಗಿ ಎತ್ತಿಕೊಳ್ಳೋರೇ ಇಲ್ಲ."

ಕೂಸನ್ನು ಮತ್ತೆ ನನ್ನ ಗಂಡನ ಅಕ್ಕನ ತೊಡೆಯ ಮೇಲೆಯೇ ಹಾಕಿದಳು.